ಹಸುಗೂಸಿನ ಶ್ರವಣ ತಪಾಸಣೆ: ಹೆರಿಗೆ ವಾರ್ಡಿನಿಂದ ತವರುಮನೆಯವರೆಗೆ

ಕೊಪ್ಪಳ ಜಿಲ್ಲೆಯ ಮನೆಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯ ಬಳಿ ಬಾಗಿ ಹೆಸರು ಹೇಳುತ್ತಾಳೆ. ಆ ಹೆಸರು ಕೂಸಿಗೆ ಕೇಳಿಸುವುದೋ ಇಲ್ಲವೋ ಎಂಬುದನ್ನು ಆ ದಿನಕ್ಕೆ ಮೊದಲೇ ತಿಳಿಯಲು ಸಾಧ್ಯವಿದೆ. ಅದಕ್ಕೆ ಬೇಕಾದದ್ದು ಒಂದು ಚಿಕ್ಕ ಯಂತ್ರ, ಹೊಟ್ಟೆ ತುಂಬಿ ಮಲಗಿದ ಕೂಸು, ಸದ್ದಿಲ್ಲದ ಕೋಣೆ ಮತ್ತು ಕೆಲವೇ ನಿಮಿಷಗಳು. ಹುಟ್ಟುವ ಪ್ರತಿ 1,000 ಮಕ್ಕಳಲ್ಲಿ ಸುಮಾರು 1ರಿಂದ 3 ಮಕ್ಕಳಿಗೆ ಹುಟ್ಟಿನಿಂದಲೇ ಶ್ರವಣದೋಷವಿರುತ್ತದೆ, ಮತ್ತು ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ ದಾಖಲಾಗಿದ್ದ ಮಕ್ಕಳಲ್ಲಿ ಈ ಪ್ರಮಾಣ ಹಲವು ಪಟ್ಟು ಹೆಚ್ಚು. ಹೆರಿಗೆ ವಾರ್ಡಿನ ಶುಶ್ರೂಷಾಧಿಕಾರಿಗಳು, ಆಶಾ ಕಾರ್ಯಕರ್ತೆಯರು ಮತ್ತು ಮನೆಯ ಹಿರಿಯರು ಈ ತಪಾಸಣೆಯನ್ನು ಹೇಗೆ ಮಾಡಬೇಕು, ಹೇಗೆ ಮಾಡಿಸಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಯಂತ್ರವನ್ನು ನಡೆಸುವುದು ಈ ಕೆಲಸದ ಸುಲಭ ಭಾಗ. ಮೊದಲ ತಪಾಸಣೆಯಲ್ಲಿ ಪಾಸಾಗದ ಕೂಸನ್ನು ಮೂರು ತಿಂಗಳೊಳಗೆ ಮತ್ತೆ ಹುಡುಕಿ ತರುವುದೇ ಕಷ್ಟದ ಭಾಗ, ಮತ್ತು ನಮ್ಮ ಭಾಗದಲ್ಲಿ ಮಕ್ಕಳು ಕೈತಪ್ಪುವುದು ಅಲ್ಲಿಯೇ.

ತಟ್ಟೆ ಬಡಿದು ನೋಡುವುದು ಏಕೆ ಸಾಲದು

ಕೂಸಿನ ಕಿವಿಯ ಬಗ್ಗೆ ಅನುಮಾನ ಬಂದ ಮನೆಯಲ್ಲಿ ಮೊದಲು ನಡೆಯುವ ಪರೀಕ್ಷೆ ಎಂದರೆ ಹಿಂದೆ ನಿಂತು ಚಪ್ಪಾಳೆ ತಟ್ಟುವುದು ಅಥವಾ ಸ್ಟೀಲ್ ತಟ್ಟೆ ಬಡಿಯುವುದು. ಕೂಸು ಬೆಚ್ಚಿದರೆ ಎಲ್ಲರೂ ಸಮಾಧಾನಪಡುತ್ತಾರೆ. ಆದರೆ ತಟ್ಟೆಯ ಸದ್ದು ಮಾತಿನ ಸದ್ದಿಗಿಂತ ಬಹಳ ಜೋರಿನದು. ಮಧ್ಯಮ ಪ್ರಮಾಣದ ದೋಷವಿರುವ ಕೂಸು ಆ ಸದ್ದಿಗೆ ಬೆಚ್ಚಿದರೂ ತಾಯಿ ಆಡುವ ಮಾತಿನಲ್ಲಿರುವ ‘ಸ’, ‘ಶ’ಗಳಂತಹ ಮೆಲುದನಿಗಳು ಅದರ ಕಿವಿಗೆ ತಲುಪದೇ ಹೋಗಬಹುದು. ಒಂದೇ ಕಿವಿಯಲ್ಲಿ ದೋಷವಿದ್ದರೆ ಇನ್ನೊಂದು ಕಿವಿ ಅದನ್ನು ಮುಚ್ಚಿಡುತ್ತದೆ. ಏನೂ ಕೇಳಿಸದ ಕೂಸು ಕೂಡ ಬೀಸಿ ಬಂದ ಗಾಳಿಗೆ, ಮಂಚದ ಅದುರಿಗೆ, ಸರಿದು ಹೋದ ನೆರಳಿಗೆ ಮೈ ಅಲುಗಿಸುತ್ತದೆ.

ಇನ್ನೊಂದು ಸಂಗತಿಯನ್ನು ಪೋಷಕರಿಗೆ ಬಿಡಿಸಿ ಹೇಳಲೇಬೇಕು. ಹುಟ್ಟಿನಿಂದ ಕೇಳಿಸದ ಕೂಸು ಸಹ ಮೊದಲ ಕೆಲವು ತಿಂಗಳು ಉಳಿದ ಕೂಸುಗಳಂತೆಯೇ ಅಳುತ್ತದೆ, ನಗುತ್ತದೆ, ‘ಆ’, ‘ಊ’ ಎಂದು ದನಿ ಮಾಡುತ್ತದೆ. ಅರ್ಧ ವರ್ಷ ಕಳೆದ ಮೇಲೆ ಆ ದನಿ ಬೆಳೆಯದೆ ನಿಲ್ಲುತ್ತದೆ, ಮತ್ತು ಆಗ ಮನೆಯಲ್ಲಿ “ಅವರಪ್ಪನೂ ತಡಾ ಮಾಡೇ ಮಾತಾಡ್ಯಾನ್ರಿ, ಇವನೂ ಹಂಗ” ಎಂಬ ಮಾತು ಹುಟ್ಟುತ್ತದೆ. ಹಾಗೆ ಹೇಳುವ ಅಜ್ಜಿಯನ್ನು ದೂರುವಂತಿಲ್ಲ. ಶ್ರವಣದೋಷದೊಂದಿಗೆ ಹುಟ್ಟುವ 10 ಮಕ್ಕಳಲ್ಲಿ 9ಕ್ಕಿಂತ ಹೆಚ್ಚು ಮಕ್ಕಳ ತಂದೆತಾಯಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ, ಹಾಗಾಗಿ ಅವರಿಗೆ ಅನುಮಾನ ಬರುವುದಕ್ಕೆ ಕಾರಣವೇ ಇರುವುದಿಲ್ಲ.

ದಿನಗಳ ಲೆಕ್ಕ

ಒಳಗಿವಿ ಗರ್ಭದ ಆರನೇ ತಿಂಗಳ ಹೊತ್ತಿಗೇ ಕೆಲಸ ಆರಂಭಿಸುತ್ತದೆ, ಹುಟ್ಟುವ ವೇಳೆಗೆ ಕೂಸು ತಾಯಿಯ ದನಿಯನ್ನು ಗುರುತಿಸುತ್ತದೆ, ಮತ್ತು ಮೊದಲ ವರ್ಷಗಳಲ್ಲಿ ಕಿವಿಯಿಂದ ಸದ್ದು ಬಾರದಿದ್ದರೆ ಮಿದುಳಿನಲ್ಲಿ ಮಾತಿಗಾಗಿ ಸಿದ್ಧವಾಗುವ ಭಾಗ ಸರಿಯಾಗಿ ಬೆಳೆಯುವುದಿಲ್ಲ. ಆದ್ದರಿಂದಲೇ ಜಗತ್ತಿನ ಬಹುತೇಕ ಕಡೆ 1, 3, 6 ಎಂಬ ಲೆಕ್ಕವನ್ನು ಪಾಲಿಸುತ್ತಾರೆ: 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ದೋಷವಿದೆಯೋ ಇಲ್ಲವೋ ಎಂಬ ಖಚಿತ ನಿರ್ಣಯ, 6 ತಿಂಗಳೊಳಗೆ ಶ್ರವಣಯಂತ್ರ ಮತ್ತು ತರಬೇತಿಯ ಆರಂಭ. ಇದನ್ನು ನಮ್ಮ ಲಸಿಕೆಯ ದಿನಗಳೊಂದಿಗೆ ಜೋಡಿಸಿಕೊಂಡರೆ ನೆನಪಿಡುವುದು ಸುಲಭ. ಆಸ್ಪತ್ರೆಯಿಂದ ಮನೆಗೆ ಹೋಗುವ ಮೊದಲು ಮೊದಲ ತಪಾಸಣೆ ಆಗಬೇಕು. ತಪ್ಪಿದರೆ ತಿಂಗಳು ತುಂಬುವುದರೊಳಗೆ ಆಗಬೇಕು. ಅದೂ ತಪ್ಪಿದರೆ ಒಂದೂವರೆ ತಿಂಗಳ ಲಸಿಕೆಯ ದಿನವನ್ನು ಯಾವ ಕಾರಣಕ್ಕೂ ಬಿಡಬಾರದು. ಮೂರೂವರೆ ತಿಂಗಳ ಲಸಿಕೆಗೆ ಬರುವ ವೇಳೆಗೆ ಅಂತಿಮ ನಿರ್ಣಯ ತಾಯಿಯ ಕೈಯಲ್ಲಿರಬೇಕು.

ಯಾವ ಕೂಸಿಗೆ ಯಾವ ಪರೀಕ್ಷೆ

ಬಳಕೆಯಲ್ಲಿರುವ ಪರೀಕ್ಷೆಗಳು ಎರಡು. ಮೊದಲನೆಯದು ಒಎಇ. ಆರೋಗ್ಯವಂತ ಒಳಗಿವಿಗೆ ಸದ್ದು ತಲುಪಿದಾಗ ಅಲ್ಲಿನ ಸೂಕ್ಷ್ಮ ಕೂದಲುಕೋಶಗಳು ತಾವೂ ಒಂದು ಅತಿ ಮೆಲ್ಲನೆಯ ಮರುದನಿಯನ್ನು ಹೊರಡಿಸುತ್ತವೆ. ಕಿವಿಯಲ್ಲಿಟ್ಟ ಪ್ರೋಬ್ ಸದ್ದನ್ನು ಕಳಿಸಿ, ತನ್ನೊಳಗಿನ ಮೈಕ್ರೊಫೋನಿನಿಂದ ಆ ಮರುದನಿಯನ್ನು ಹಿಡಿಯುತ್ತದೆ. ಎರಡನೆಯದು ಎಬಿಆರ್, ನಮ್ಮ ಆಸ್ಪತ್ರೆಗಳಲ್ಲಿ ಬೆರಾ ಎಂದೂ ಕರೆಯುವುದು ಇದನ್ನೇ. ಇದರಲ್ಲಿ ಹಣೆಗೂ ಕಿವಿಯ ಹಿಂಭಾಗಕ್ಕೂ ಎಲೆಕ್ಟ್ರೋಡ್ ಅಂಟಿಸಿ, ಸದ್ದು ಒಳಗಿವಿಯಿಂದ ನರದ ಮೂಲಕ ಮಿದುಳಿನ ಕಾಂಡದವರೆಗೆ ಸಾಗುವುದನ್ನು ಅಳೆಯುತ್ತಾರೆ. ತಪಾಸಣೆಗೆಂದೇ ಮಾಡಿದ ಸ್ವಯಂಚಾಲಿತ ಯಂತ್ರವಾದರೆ ಅದೇ ಪಾಸ್ ಅಥವಾ ರೆಫರ್ (ಎಂದರೆ ಮತ್ತೆ ಪರೀಕ್ಷಿಸಬೇಕು) ಎಂದು ತೋರಿಸುತ್ತದೆ.

ಇವೆರಡರ ನಡುವಿನ ವ್ಯತ್ಯಾಸ ಪುಸ್ತಕದ ಮಾತಾಗಿ ಉಳಿಯಬಾರದು. ಕೆಲವು ಮಕ್ಕಳಲ್ಲಿ ಒಳಗಿವಿ ಸರಿಯಿದ್ದು, ಸದ್ದನ್ನು ಮಿದುಳಿಗೆ ಒಯ್ಯುವ ಹಾದಿ ಕೆಟ್ಟಿರುತ್ತದೆ. ಅಂತಹ ಕೂಸು ಒಎಇಯಲ್ಲಿ ಸಲೀಸಾಗಿ ಪಾಸಾಗುತ್ತದೆ. ವಿಪರೀತ ಕಾಮಾಲೆ, ಹುಟ್ಟುವಾಗ ಉಸಿರುಕಟ್ಟಿದ್ದು, ತೀರ ದಿನ ತುಂಬದೆ ಹುಟ್ಟಿದ್ದು ಈ ದೋಷದ ಹಿಂದಿರುವ ಮುಖ್ಯ ಕಾರಣಗಳು. ಆದ್ದರಿಂದ ವಿಶೇಷ ಆರೈಕೆ ಘಟಕದಲ್ಲಿ 5 ದಿನಕ್ಕಿಂತ ಹೆಚ್ಚು ಇದ್ದ ಕೂಸಿಗೆ, ರಕ್ತ ಬದಲಾಯಿಸುವಷ್ಟು ಕಾಮಾಲೆ ಏರಿದ್ದ ಕೂಸಿಗೆ, ವೆಂಟಿಲೇಟರಿನಲ್ಲಿದ್ದ ಕೂಸಿಗೆ ಎಬಿಆರ್ ಆಗಲೇಬೇಕು. ಎಬಿಆರ್‌ನಲ್ಲಿ ರೆಫರ್ ಬಂದ ಕೂಸನ್ನು ಒಎಇಯಿಂದ ಮತ್ತೆ ನೋಡಿ, ಪಾಸ್ ಬಂತೆಂದು ಮನೆಗೆ ಕಳಿಸುವುದು ದೊಡ್ಡ ತಪ್ಪು. ಎಬಿಆರ್ ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಇಂತಹ ಕೂಸಿನ ಒಎಇ ಪಾಸ್ ಆದರೂ ಬಿಡುಗಡೆ ಪತ್ರದಲ್ಲಿ ‘ಎಬಿಆರ್ ಬಾಕಿ’ ಎಂದು ಬರೆದು, ಎಲ್ಲಿಗೆ ಹೋಗಬೇಕೆಂಬುದನ್ನೂ ಅಲ್ಲಿಯೇ ಬರೆಯಬೇಕು.

ಕೂಸನ್ನು ಸಿದ್ಧಪಡಿಸುವುದು

ಹುಟ್ಟಿದ ಮೊದಲ ದಿನ ಕಿವಿಯ ನಾಳದಲ್ಲಿ ಹೆರಿಗೆಯ ಕೊಳೆ ಮತ್ತು ದ್ರವ ಇರುವುದರಿಂದ ಚೆನ್ನಾಗಿ ಕೇಳಿಸುವ ಕೂಸಿಗೂ ರೆಫರ್ ಬರಬಹುದು. 24 ಗಂಟೆ ಕಳೆದ ಮೇಲೆ, ಸಾಧ್ಯವಾದರೆ 48 ಗಂಟೆಯ ಹತ್ತಿರ ಮಾಡುವುದು ಒಳ್ಳೆಯದು. ಆದರೆ ಸಹಜ ಹೆರಿಗೆಯ ಬಾಣಂತಿಗೆ ಅದೇ ಹೊತ್ತಿಗೆ ಬಿಡುಗಡೆಯಾಗುತ್ತದೆ. ಬಾಣಂತಿಯನ್ನು ಮನೆಗೆ ಬಿಡುವ ನಗು-ಮಗು ವಾಹನ ಬಾಗಿಲಿಗೆ ಬಂದು ನಿಂತ ಮೇಲೆ ಕೂಸನ್ನು ಮಲಗಿಸಿ ತಪಾಸಣೆ ಮಾಡುತ್ತೇನೆಂದರೆ ಯಾರೂ ಕಾಯುವುದಿಲ್ಲ. ಬಿಡುಗಡೆಯ ದಿನ ಬೆಳಗಿನ ಜಾವವೇ ಅತ್ಯುತ್ತಮ ಸಮಯ. ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಯಚೂರು, ಬಳ್ಳಾರಿಗಳ ವಾರ್ಡುಗಳಲ್ಲಿ ಕೂಲರ್ ನಿಲ್ಲಿಸಲು ಆಗುವುದು ಆ ತಂಪು ಹೊತ್ತಿನಲ್ಲಿ ಮಾತ್ರ, ಮತ್ತು ಕೂಲರಿನ ಸದ್ದಿನಲ್ಲಿ ಒಎಇಯ ಮರುದನಿ ಯಾವ ಯಂತ್ರಕ್ಕೂ ಸಿಗುವುದಿಲ್ಲ. ವಾರ್ಡಿನಿಂದ ದೂರದ ಒಂದು ಚಿಕ್ಕ ಕೋಣೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಫ್ಯಾನ್ ನಿಲ್ಲಿಸಿ, ಮೊಬೈಲ್‌ಗಳನ್ನು ಹೊರಗಿಡಿಸಿ, ಕೂಸಿನೊಂದಿಗೆ ಒಬ್ಬರಷ್ಟೇ ಇರುವಂತೆ ನೋಡಿಕೊಳ್ಳಬೇಕು.

ತಾಯಿ ಹಾಲುಣಿಸಿ, ಕೂಸು ತೇಗಿ, ನಿದ್ದೆಗೆ ಜಾರಿದ ಮೇಲೆ ಪರೀಕ್ಷೆ ಆರಂಭಿಸಬೇಕು. ಕುಲಾವಿಯನ್ನು ಕೂಸು ನಿದ್ದೆಗೆ ಜಾರುವ ಮೊದಲೇ, ಎಂದರೆ ಹಾಲುಣಿಸುವಾಗಲೇ ತೆಗೆದಿಡುವುದು ಜಾಣತನ. ಹಿಂದಿನ ದಿನವೇ ಅಜ್ಜಿಗೆ ಎರಡು ಮಾತು ಹೇಳಿಡಬೇಕು: ಕಿವಿಗೆ ಎಣ್ಣೆ ಬಿಡಬೇಡಿ, ಹಣೆಗೆ ಎಣ್ಣೆ ಹಚ್ಚಬೇಡಿ. ಎಣ್ಣೆ ಪ್ರೋಬಿನ ತೂತನ್ನು ಮುಚ್ಚುತ್ತದೆ, ಎಲೆಕ್ಟ್ರೋಡ್ ಅಂಟಲು ಬಿಡುವುದಿಲ್ಲ. ಅದಲ್ಲದೆ ಕಿವಿಗೆ ಎಣ್ಣೆ ಬಿಡುವುದು ಯಾವ ದಿನಕ್ಕೂ ಒಳ್ಳೆಯದಲ್ಲ. ಹಣೆಯ ಮೇಲಿನ ದೃಷ್ಟಿಬೊಟ್ಟನ್ನು ಎಬಿಆರ್‌ಗಾಗಿ ಒರೆಸಬೇಕಾದಾಗ ಕೇಳದೆ ಒರೆಸಬಾರದು. “ಅವ್ವಾ, ಇದನ್ನ ಗಲ್ಲಕ್ಕ ಹಚ್ಚೂಣು, ಪರೀಕ್ಷೆ ಮುಗಿದ ಮ್ಯಾಲ ಹಣಿಗೆ ಹಚ್ಚೀರಿ” ಎಂದರೆ ಬೇಡವೆಂದವರನ್ನು ನಾನು ಕಂಡಿಲ್ಲ.

ಪರೀಕ್ಷೆ ಮಾಡುವ ಕ್ರಮ

ಪ್ರತಿದಿನ ಮೊದಲ ಕೂಸಿಗೆ ಮುಂಚೆ ಪ್ರೋಬನ್ನು ತಮ್ಮದೇ ಕಿವಿಗಿಟ್ಟು ನೋಡುವ ಅಭ್ಯಾಸವನ್ನು ಪ್ರತಿಯೊಬ್ಬರೂ ಬೆಳೆಸಿಕೊಳ್ಳಬೇಕು. ಚೆನ್ನಾಗಿ ಕೇಳಿಸುವ ಕಿವಿಯಲ್ಲಿ ನಿನ್ನೆ ಪಾಸ್ ತೋರಿಸಿದ ಯಂತ್ರ ಇಂದು ರೆಫರ್ ತೋರಿಸಿದರೆ ಪ್ರೋಬ್ ಕಟ್ಟಿಕೊಂಡಿದೆ ಎಂದೇ ಅರ್ಥ. ಕೈ ತೊಳೆದು, ಕೂಸಿನ ಕಿವಿಗೆ ಸರಿಹೊಂದುವ ಮೆತ್ತನೆಯ ಟಿಪ್ಪನ್ನು ಆರಿಸಿಕೊಂಡು, ಹಾಲೆಯನ್ನು ಹಗುರವಾಗಿ ಹಿಂದಕ್ಕೂ ಕೆಳಕ್ಕೂ ಎಳೆದು, ಟಿಪ್ಪು ನಾಳವನ್ನು ಪೂರ್ತಿ ಮುಚ್ಚುವಂತೆ ಕೂರಿಸಬೇಕು. ಸಡಿಲವಾದ ಟಿಪ್ಪಿನ ಸುತ್ತಲಿನಿಂದ ಕೋಣೆಯ ಸದ್ದು ಒಳನುಗ್ಗುತ್ತದೆ. ತಪ್ಪು ರೆಫರ್‌ಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿ. ಪ್ರೋಬನ್ನು ಕೈಯಲ್ಲಿ ಒತ್ತಿ ಹಿಡಿಯದೆ, ಅದರ ತಂತಿಯನ್ನು ಬಟ್ಟೆಗೆ ಕ್ಲಿಪ್ ಹಾಕಿ ಬಿಡುವುದು ಲೇಸು. ಒಂದು ಕಿವಿ ಮುಗಿದ ಮೇಲೆ ಕೂಸನ್ನು ನಿಧಾನವಾಗಿ ಮಗ್ಗುಲು ಬದಲಿಸಿ ಇನ್ನೊಂದು ಕಿವಿಯನ್ನು ನೋಡಬೇಕು. ಒಂದು ಕಿವಿ ಪಾಸಾಯಿತೆಂದು ಇನ್ನೊಂದನ್ನು ಬಿಡುವಂತಿಲ್ಲ.

ರೆಫರ್ ಬಂದರೆ ಪ್ರೋಬನ್ನು ತೆಗೆದು, ಟಿಪ್ಪಿನಲ್ಲಿ ಕೊಳೆ ಸೇರಿದೆಯೇ ನೋಡಿ, ಒರೆಸಿ, ಇನ್ನೊಮ್ಮೆ ಪ್ರಯತ್ನಿಸಬಹುದು. ಒಂದೇ ಸಲಕ್ಕೆ ಎರಡು ಬಾರಿಗಿಂತ ಹೆಚ್ಚು ಪ್ರಯತ್ನಿಸುವುದು ಬೇಡ. ಪಾಸ್ ಬರುವವರೆಗೆ ಐದಾರು ಬಾರಿ ಒತ್ತುತ್ತಾ ಹೋದರೆ ದೋಷವಿರುವ ಕಿವಿಯೂ ಆಕಸ್ಮಿಕವಾಗಿ ಒಮ್ಮೆ ಪಾಸಾಗಬಹುದು, ಮತ್ತು ಆ ಒಂದು ಪಾಸ್ ಕೂಸಿನ ಎರಡು ವರ್ಷಗಳನ್ನು ಕಸಿದುಕೊಳ್ಳುತ್ತದೆ. ಎರಡು ವಾರದ ನಂತರ ಮರುತಪಾಸಣೆಗೆ ಕರೆಯಬೇಕು. ಮೊದಲು ಒಂದೇ ಕಿವಿಗೆ ರೆಫರ್ ಬಂದಿದ್ದರೂ ಆಗ ಎರಡೂ ಕಿವಿಗಳನ್ನು ಅದೇ ದಿನ ನೋಡಬೇಕು.

ತಾಯಿಗೆ ಹೇಳುವ ಮಾತು

ರೆಫರ್ ಎಂಬುದನ್ನು ‘ಫೇಲ್’ ಎಂದು ಎಂದೂ ಹೇಳಬಾರದು. ‘ಕೆಪ್ಪ’, ‘ಮೂಗ’ ಎಂಬ ಮಾತುಗಳು ವಾರ್ಡಿನಲ್ಲಿ ಯಾರ ಬಾಯಿಂದಲೂ ಬರಬಾರದು. ಆ ಮಾತು ಆಸ್ಪತ್ರೆಯಿಂದ ಹೊರಟು ಕೂಸಿಗಿಂತ ಮೊದಲೇ ಊರು ಸೇರುತ್ತದೆ, ಮತ್ತು ಆಮೇಲೆ ಆ ಮನೆಯವರು ಮರುತಪಾಸಣೆಗೆ ಬರುವುದಿಲ್ಲ. ಹಾಗೆಂದು ವಿಷಯವನ್ನು ಹಗುರಗೊಳಿಸಿ “ಏನಿಲ್ಲ ಬಿಡ್ರಿ, ನೀರು ಹೋಗೇತಿ” ಎನ್ನುವುದೂ ಅಷ್ಟೇ ಹಾನಿಕರ, ಏಕೆಂದರೆ ಹಾಗೆ ಕೇಳಿಸಿಕೊಂಡ ತಾಯಿಗೆ ಮತ್ತೆ ಬರುವ ಕಾರಣ ಉಳಿಯುವುದಿಲ್ಲ. “ಈ ಕಿವಿಯಿಂದ ಇವತ್ತ ಯಂತ್ರಕ್ಕ ಉತ್ತರ ಸಿಕ್ಕಿಲ್ರಿ. ಭಾಳ ಮಕ್ಕಳಿಗೆ ಎರಡನೇ ಸಲ ಸಿಗತೈತಿ. ಸಿಗಲಿಲ್ಲಂದ್ರ ಲಗೂನ ತಿಳಿಯೋದು ಕೂಸಿಗೆ ಒಳ್ಳೇದು, ಅದಕ್ಕ ಎರಡು ವಾರ ಆದ ಮ್ಯಾಲ ಬರಲೇಬೇಕ್ರಿ” ಎಂಬಷ್ಟು ಸಾಕು. ಇದನ್ನು ತಾಯಿಯ ಜೊತೆ ಆಕೆಯ ತಾಯಿಗೂ, ಸಾಧ್ಯವಾದರೆ ಅತ್ತೆಗೂ ಹೇಳಬೇಕು. ಮತ್ತೆ ಆಸ್ಪತ್ರೆಗೆ ಬರಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವವರು ಅವರು.

ಕುಟುಂಬದಲ್ಲಿ ಬೇರೆ ಯಾರಿಗಾದರೂ ಬಾಲ್ಯದಿಂದ ಕೇಳಿಸುವುದಿಲ್ಲವೇ, ಗಂಡಹೆಂಡತಿ ಮೊದಲೇ ಸಂಬಂಧಿಕರೇ ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ಈ ಭಾಗದಲ್ಲಿ ಸಾಮಾನ್ಯ, ಮತ್ತು ಒಳಸಂಬಂಧದ ಮದುವೆಗಳಲ್ಲಿ ವಂಶವಾಹಿಯಿಂದ ಬರುವ ಶ್ರವಣದೋಷದ ಸಾಧ್ಯತೆ ಹೆಚ್ಚು. ಆದರೆ ಹೆತ್ತು ಮೂರು ದಿನವೂ ಆಗದ ತಾಯಿಯ ಮುಂದೆ ಇದನ್ನು ತಪ್ಪೊಪ್ಪಿಗೆಯಂತೆ ಕೇಳಬಾರದು. ಉಳಿದ ಪ್ರಶ್ನೆಗಳ ನಡುವೆ, ಅದೇ ದನಿಯಲ್ಲಿ ಕೇಳಿದರೆ ಸಾಕು.

ಕೂಸು ಕೈತಪ್ಪದಂತೆ ನೋಡಿಕೊಳ್ಳುವುದು

ವರ್ಷಗಳ ಹಿಂದೆ ನಾನೇ ರೆಫರ್ ಎಂದು ಬರೆದ ಒಂದು ಕೂಸು ಮತ್ತೆ ನನ್ನೆದುರು ಬಂದದ್ದು ಅದಕ್ಕೆ ಮೂರು ವರ್ಷ ತುಂಬಿದ ಮೇಲೆ. ನೋಂದಣಿ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿತ್ತು: ತಂದೆಯ ಹೆಸರು, ಅವನ ಊರು, ಅವನ ಫೋನ್ ಸಂಖ್ಯೆ. ಹೆರಿಗೆ ತವರಿನಲ್ಲಾಗಿತ್ತು, ತಾಯಿ ಐದು ತಿಂಗಳು ತವರಿನಲ್ಲೇ ಇದ್ದಳು, ತಂದೆ ಬೆಂಗಳೂರಿಗೆ ಗುಳೆ ಹೋಗಿ ಸಿಮ್ ಬದಲಿಸಿದ್ದ. ಕರೆ ಹೋಗದ ಸಂಖ್ಯೆಯ ಮುಂದೆ ನಾನು ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆದು ಮುಂದಿನ ಸಾಲಿಗೆ ಹೋಗಿದ್ದೆ. ಆ ಕೂಸು ಇದ್ದದ್ದು ಆಸ್ಪತ್ರೆಯಿಂದ ಹನ್ನೆರಡು ಕಿಲೋಮೀಟರ್ ದೂರದಲ್ಲಿ.

ಅಂದಿನಿಂದ ನಾನು ಪ್ರತಿ ಕೂಸಿಗೂ ಎರಡು ವಿಳಾಸ ಮತ್ತು ಮೂರು ಫೋನ್ ಸಂಖ್ಯೆ ಬರೆದುಕೊಳ್ಳುತ್ತೇನೆ, ಮತ್ತು ಎಲ್ಲರೂ ಹಾಗೆಯೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ: ತವರಿನ ವಿಳಾಸ, ಗಂಡನ ಮನೆಯ ವಿಳಾಸ, ತಂದೆಯ ಸಂಖ್ಯೆ, ಕೂಸಿನ ಅಜ್ಜಿ ಅಥವಾ ಸೋದರಮಾವನ ಸಂಖ್ಯೆ, ತವರೂರಿನ ಆಶಾ ಕಾರ್ಯಕರ್ತೆಯ ಸಂಖ್ಯೆ. ಮೂರಕ್ಕೂ ಅವರೆದುರಿಗೇ ಒಮ್ಮೆ ರಿಂಗ್ ಕೊಟ್ಟು ನೋಡಬೇಕು. ತವರಿನಿಂದ ಯಾವ ತಿಂಗಳು ಹೋಗುತ್ತೀರಿ, ಯಾವ ಕೆಲಸದ ಹಂಗಾಮಿಗೆ ಯಾವ ಊರಿಗೆ ಗುಳೆ ಹೋಗುತ್ತೀರಿ ಎಂಬುದನ್ನು ಕೇಳಿದರೆ ಜನ ಸಂತೋಷದಿಂದಲೇ ಹೇಳುತ್ತಾರೆ. ಗುಳೆ ಹೋಗುವವರಿಗೆ ಅವರು ತಲುಪುವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಲು ಒಂದು ಚೀಟಿಯನ್ನು ಮೊದಲೇ ಬರೆದುಕೊಡಬೇಕು.

ಫಲಿತಾಂಶವನ್ನು ಪ್ರತ್ಯೇಕ ಕಾಗದದಲ್ಲಿ ಕೊಟ್ಟರೆ ಅದು ಕಳೆದುಹೋಗುತ್ತದೆ. ತಾಯಿ ಕಾರ್ಡಿನಲ್ಲಿ, ಲಸಿಕೆಯ ಪುಟದ ಅಂಚಿನಲ್ಲಿಯೇ ಬಲಗಿವಿ, ಎಡಗಿವಿ, ಪರೀಕ್ಷೆಯ ಹೆಸರು, ದಿನಾಂಕ, ಮತ್ತೆ ಬರಬೇಕಾದ ದಿನಾಂಕ ಇಷ್ಟನ್ನೂ ಬರೆಯಬೇಕು. ಲಸಿಕೆ ಹಾಕುವವರ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾರೆ. ರೆಫರ್ ಬಂದ ಕೂಸುಗಳ ಪಟ್ಟಿ ಅವರ ಕೈಯಲ್ಲಿದ್ದರೆ 14ನೇ ದಿನದ ಭೇಟಿಯೇ ಮರುತಪಾಸಣೆಯ ನೆನಪೋಲೆಯಾಗುತ್ತದೆ. ಬಾಣಂತಿ ಹೊರಗೆ ಬರಬಾರದು, ಕೂಸಿಗೆ ಗಾಳಿ ತಾಗಬಾರದು ಎಂಬ ಕಟ್ಟಳೆ ಬಿಗಿಯಾಗಿರುವ ಮನೆಗಳಲ್ಲಿ ವಾದಕ್ಕಿಳಿಯುವುದಕ್ಕಿಂತ ಒಂದೂವರೆ ತಿಂಗಳ ಲಸಿಕೆಯ ದಿನವನ್ನೇ ಗಟ್ಟಿ ಮಾಡಿಕೊಳ್ಳುವುದು ಮೇಲು.

ಎರಡನೇ ಸಲವೂ ರೆಫರ್ ಬಂದರೆ

ಆಗ ಬೇಕಾದದ್ದು ಶ್ರವಣತಜ್ಞರು ಮಾಡುವ ಪೂರ್ಣ ಪ್ರಮಾಣದ ಎಬಿಆರ್ ಮತ್ತು ಕಿವಿ, ಮೂಗು, ಗಂಟಲು ವೈದ್ಯರ ಪರೀಕ್ಷೆ. ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇವು ಹತ್ತಿರದ ದೊಡ್ಡ ಸರ್ಕಾರಿ ಬೋಧನಾ ಆಸ್ಪತ್ರೆಗಳು. ಮಸ್ಕಿಯಿಂದಲೋ ಕುಷ್ಟಗಿಯಿಂದಲೋ ಬಸ್ ಹತ್ತುವ ಮೊದಲು ಎಬಿಆರ್ ಯಾವ ದಿನ ಮಾಡುತ್ತಾರೆ ಎಂದು ಕೇಳಿಕೊಂಡು ಹೊರಡಬೇಕು. ಮೂರು ತಿಂಗಳೊಳಗಿನ ಕೂಸು ಹಾಲು ಕುಡಿದು ತಾನಾಗಿಯೇ ಗಾಢವಾಗಿ ಮಲಗುತ್ತದೆ. ದೊಡ್ಡದಾದ ಮೇಲೆ ನಿದ್ದೆಯ ಔಷಧಿ ಬೇಕಾಗುತ್ತದೆ. ಕೂಸನ್ನು ಹಿಂದಿನ ರಾತ್ರಿ ಸ್ವಲ್ಪ ತಡವಾಗಿ ಮಲಗಿಸಿ, ದಾರಿಯಲ್ಲಿ ನಿದ್ದೆ ಹೋಗದಂತೆ ಆಡಿಸುತ್ತಾ ಕರೆತಂದು, ಪರೀಕ್ಷಾ ಕೋಣೆಯಲ್ಲಿ ಹಾಲುಣಿಸಿದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬರುವ ಶ್ರವಣದೋಷವೂ ಸೇರಿದೆ. ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ಮೂಲಕ ಮುಂದಿನ ಚಿಕಿತ್ಸೆಗೆ ಉಚಿತವಾಗಿ ಕಳಿಸಲು ಅವಕಾಶವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆಯಿಂದ ಹಿಡಿದು ಪೋಷಕರ ತರಬೇತಿಯವರೆಗೆ ಎಲ್ಲವೂ ಒಂದೇ ಕಡೆ ಸಿಗುತ್ತದೆ, ದೂರವಾದರೂ ಒಮ್ಮೆ ಹೋಗಿಬರುವುದು ಲಾಭದಾಯಕ. ಶ್ರವಣಯಂತ್ರವನ್ನು ಕೆಲವೇ ವಾರಗಳ ಕೂಸಿಗೂ ಹಾಕಬಹುದು. ಸಣ್ಣ ಕೂಸಿಗೆ ಭಾರವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಎಷ್ಟು ಶಕ್ತಿಯ ಯಂತ್ರ ಹಾಕಿದರೂ ಪ್ರಯೋಜನವಾಗದಷ್ಟು ತೀವ್ರ ದೋಷವಿದ್ದಾಗ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಕಾಕ್ಲಿಯರ್ ಇಂಪ್ಲಾಂಟ್, ಎಂದರೆ ಒಳಗಿವಿಯಲ್ಲಿ ಸಾಧನವನ್ನು ಕೂರಿಸುವ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ. ಇದಕ್ಕೆ ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರದ ಅಡಿಪ್ ಯೋಜನೆಯ ನೆರವಿದೆ, ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯೂ ಇದೆ, ಮತ್ತು ಎರಡಕ್ಕೂ ವಯಸ್ಸಿನ ಮಿತಿ ಇರುವುದರಿಂದ ಅರ್ಜಿಯನ್ನು ತಡಮಾಡಬಾರದು.

ಶಸ್ತ್ರಚಿಕಿತ್ಸೆಯೇ ಎಲ್ಲವೂ ಎಂದು ಭಾವಿಸುವ ಪೋಷಕರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಇಂಪ್ಲಾಂಟ್ ಸದ್ದನ್ನು ಒಳಗೆ ಕಳಿಸುತ್ತದೆ, ಆ ಸದ್ದನ್ನು ಮಾತಾಗಿ ಗುರುತಿಸಲು ಕೂಸು ವಾರವಾರವೂ, ವರ್ಷಗಟ್ಟಲೆ ತರಬೇತಿ ಪಡೆಯಬೇಕು, ಮತ್ತು ಮನೆಯವರು ದಿನವಿಡೀ ಅದರೊಂದಿಗೆ ಮಾತಾಡಬೇಕು. ಆದ್ದರಿಂದ ಶಸ್ತ್ರಚಿಕಿತ್ಸೆಯ ದಿನಾಂಕ ಗೊತ್ತುಪಡಿಸುವ ಮೊದಲು ತರಬೇತಿ ಎಲ್ಲಿ ಸಿಗುತ್ತದೆ, ಯಾರು ಕರೆದೊಯ್ಯುತ್ತಾರೆ, ಯಂತ್ರ ಕೆಟ್ಟರೆ ಎಲ್ಲಿ ದುರಸ್ತಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದುಕೊಳ್ಳಬೇಕು. ಇದರ ಜೊತೆಗೆ ಸನ್ನೆ ಭಾಷೆಯನ್ನು ಕಲಿಸುವುದರಿಂದ ಮಾತು ಕೆಡುತ್ತದೆ ಎಂಬ ಭಯವೂ ಬೇಡ.

ಪಾಸಾದ ಕೂಸಿನ ವಿಷಯ

ಪಾಸ್ ಎಂಬುದು ಅಂದಿನ ದಿನದ ಉತ್ತರ. ಗರ್ಭದಲ್ಲಿ ಸಿಎಂವಿ ಎಂಬ ವೈರಸ್‌ನ ಸೋಂಕು ತಗುಲಿದ್ದರೆ, ಕುಟುಂಬದಲ್ಲಿ ಬಾಲ್ಯದ ಶ್ರವಣದೋಷವಿದ್ದರೆ, ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಚುಚ್ಚುಮದ್ದನ್ನು ಐದು ದಿನಕ್ಕೂ ಹೆಚ್ಚು ಕೊಟ್ಟಿದ್ದರೆ ದೋಷ ತಿಂಗಳುಗಳ ನಂತರವೂ ಕಾಣಿಸಿಕೊಳ್ಳಬಹುದು. ಅಂತಹ ಮಕ್ಕಳನ್ನು 9 ತಿಂಗಳ ಹೊತ್ತಿಗೆ, ದಡಾರ-ರುಬೆಲ್ಲಾ ಲಸಿಕೆಗೆ ಬಂದಾಗಲೇ ಶ್ರವಣತಜ್ಞರಿಗೆ ತೋರಿಸಬೇಕು. ಉಳಿದ ಮಕ್ಕಳ ಮನೆಯವರು ಗಮನಿಸಬೇಕಾದದ್ದು ಇಷ್ಟು: ಮೂರು ತಿಂಗಳಿಗೆ ತಾಯಿಯ ದನಿಗೆ ಕೂಸು ಸುಮ್ಮನಾಗುತ್ತದೆಯೇ, ಆರು ತಿಂಗಳಿಗೆ ಸದ್ದು ಬಂದ ಕಡೆ ತಿರುಗುತ್ತದೆಯೇ, ಹತ್ತು ತಿಂಗಳಿಗೆ ‘ಬಾಬಾಬಾ’, ‘ದಾದಾದಾ’ ಎನ್ನುತ್ತದೆಯೇ, ವರ್ಷಕ್ಕೆ ಹೆಸರು ಕರೆದರೆ ನೋಡುತ್ತದೆಯೇ. ಇವುಗಳಲ್ಲಿ ಒಂದು ತಪ್ಪಿದರೂ ಹಳೆಯ ಪಾಸ್ ಕಾಗದವನ್ನು ನಂಬಿ ಕೂರದೆ ಮತ್ತೆ ಪರೀಕ್ಷೆ ಮಾಡಿಸಬೇಕು.

ಮೆದುಳುಪೊರೆಯ ಉರಿಯೂತ, ಎಂದರೆ ಮೆನಿಂಜೈಟಿಸ್ ಆದ ಮಗುವಿನ ವಿಷಯದಲ್ಲಿ ಮಾತ್ರ ಯಾವ ತಿಂಗಳನ್ನೂ ಕಾಯುವಂತಿಲ್ಲ. ಈ ಕಾಯಿಲೆಯ ನಂತರ ಒಳಗಿವಿಯ ಸುರುಳಿಯೊಳಗೆ ಮೂಳೆ ಬೆಳೆದು, ಕೆಲವೇ ವಾರಗಳಲ್ಲಿ ಇಂಪ್ಲಾಂಟ್ ತೂರಿಸಲೂ ಜಾಗವಿಲ್ಲದಂತಾಗಬಹುದು. ಆದ್ದರಿಂದ ಆ ಮಗುವಿನ ಶ್ರವಣ ಪರೀಕ್ಷೆ ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಮುಗಿದಿರಬೇಕು.